ಶಾರಿಪಾ ಹೆಸರಿನ ಹಾಡು

ತಲಾಸ್ ಕಣಿವೆಯ ಜನಕ್ಕೆ ಒಂದು ಚಾಳಿಯಿದೆ. ಮದುವೆಯಿರಲಿ, ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರವಿರಲಿ, ಹೊಟ್ಟೆ ಬಿರಿಯ ಕುರಿಮಾಂಸ ಉಂಡು, ಎದ್ದು ಕುಣಿದು, ಬೆವರೊರೆಸಿಕೊಂಡ ಮೇಲೆ ಅವರಿಗೆ ಅಳಿಸುವ ಹಾಡೊಂದು ಬೇಕೇ ಬೇಕು. ಅವಳು ಸಿಗಲಿಲ್ಲ, ಇವನು ಬರಲಿಲ್ಲ, ಸೇತುವೆ ಹತ್ತಿರ ಕಾದೆ, ಹಿಮ ಬಿತ್ತು, ಇಂಥವೇ. ಮದುಮಗ ಮದುಮಗಳು ಎದುರಿಗೇ ಕೂತಿರುತ್ತಾರೆ, ಇವರು ಬಿಟ್ಟುಹೋದವಳನ್ನು ನೆನೆದು ಮೂಗೊರೆಸಿಕೊಳ್ಳುತ್ತಾರೆ. ಅಪಶಕುನ ಅಂತ ಒಬ್ಬರಿಗೂ ಅನ್ನಿಸುವುದಿಲ್ಲ. ಹೆಂಡತಿ ಪಕ್ಕದಲ್ಲಿದ್ದರೂ ಗಂಡಸು ನಿಟ್ಟುಸಿರು ಬಿಡುತ್ತಾನೆ. ಹೆಂಡತಿಯೂ ಬಿಡುತ್ತಾಳೆ. ಯಾರು ಯಾರನ್ನು ಕೇಳಬೇಕು?

ಈ ಅಳಿಸುವ ಹಾಡುಗಳಲ್ಲೆಲ್ಲ ದೊಡ್ಡದು 'ಶಾರಿಪಾ'. ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ ರೇಡಿಯೋದಲ್ಲಿ ಮೊದಲ ಸಲ ಬಂದದ್ದು. ಅಕಾರ್ಡಿಯನ್ ಒಂದು ಸಲ ಉಸಿರೆಳೆದುಕೊಳ್ಳುತ್ತದೆ, ಆಮೇಲೆ ಗಂಡುದನಿ: 'ಕಾಲುವೆ ದಾಟಿ ಹೋದೆಯಲ್ಲೇ, ಶಾರಿಪಾ, ನಾನಿನ್ನೂ ಈ ದಡದಲ್ಲೇ ಇದ್ದೇನೆ.' ಅಷ್ಟೇ. ಅದರಲ್ಲೇನಿದೆ ಅಂತ ಓದಿದವರು ಕೇಳಬಹುದು. ಏನೂ ಇಲ್ಲ. ಆದರೂ ನಲವತ್ತೈದು ವರ್ಷದಿಂದ ಕಣಿವೆಯ ಲಾರಿ ಡ್ರೈವರುಗಳು, ಕುರಿ ಕಾಯುವವರು, ಹಾಲು ಕರೆಯುವವರು ಎಲ್ಲರೂ ಅದನ್ನೇ ಗುನುಗುತ್ತಿದ್ದಾರೆ.

ಅದೇ ಹೆಸರಿನ ಹೆಂಗಸೊಬ್ಬಳು ಅಕ್-ಬುಲಾಕ್ ಊರಲ್ಲಿ ಇದ್ದಳು. ವಯಸ್ಸು ಅರವತ್ತೈದು. ಗಂಡ ತೀರಿಕೊಂಡು ಆರು ವರ್ಷ. ಮಗ ಮೆಲಿಸ್, ಸೊಸೆ ಬೆರ್ಮೆತ್, ಎರಡು ಹಸು, ಒಂದಿಷ್ಟು ಬೀನ್ಸ್ ಹೊಲ. ಈ ಶಾರಿಪಾಳನ್ನು ಊರಿನವರು 'ಮೆಲಿಸ್‌ನ ತಾಯಿ' ಎಂದರೆ ಗುರುತು ಹಿಡಿಯುತ್ತಿದ್ದರು. ಬರೀ ಶಾರಿಪಾ ಎಂದರೆ ಹಾಡು ನೆನಪಾಗುತ್ತಿತ್ತೇ ಹೊರತು ಅವಳು ನೆನಪಾಗುತ್ತಿರಲಿಲ್ಲ.

ಈಗ ತಮಾಷೆ ಕೇಳಿ. ಸುತ್ತ ಹತ್ತು ಊರಲ್ಲಿ ಚೆನ್ನಾಗಿ ಹಾಡುವವಳು ಬೆರ್ಮೆತ್. ಯಾವ ಮದುವೆಗೆ ಹೋದರೂ ಜನ ಕೇಳುವುದು 'ಶಾರಿಪಾ'. ಆದರೆ ಸೊಸೆಯಾದವಳು ಅತ್ತೆಯ ಹೆಸರು ಹೇಳುವ ಹಾಗಿಲ್ಲ. ಮಾವ, ಭಾವ, ಅತ್ತೆ, ಗಂಡನಿಗಿಂತ ಹಿರಿಯರಾದ ಯಾರ ಹೆಸರನ್ನೂ ಬಾಯಲ್ಲಿ ತರುವ ಹಾಗಿಲ್ಲ. ಹಾಗಾಗಿ ಬೆರ್ಮೆತ್ ಮದುವೆಯಾದ ಹನ್ನೊಂದು ವರ್ಷದಿಂದ ಆ ಹೆಸರು ಬರುವ ಕಡೆ 'ಓ ಹುಡುಗೀ' ಅಂತ ಸೇರಿಸಿ ಹಾಡುತ್ತಿದ್ದಳು. ಜನ ನಗುತ್ತಿದ್ದರು, ಆದರೆ ಮೆಚ್ಚುತ್ತಲೂ ಇದ್ದರು. ಸೊಸೆ ಅಂದರೆ ಹೀಗಿರಬೇಕು ಅನ್ನುತ್ತಿದ್ದರು. ಒಂದು ಸಲ ಅತ್ತೆಗೆ ರಕ್ತದೊತ್ತಡ ಏರಿ ಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ, ನರ್ಸು ರೋಗಿಯ ಹೆಸರೇನು ಅಂತ ಕೇಳಿದಳಂತೆ. ಬೆರ್ಮೆತ್ ಬಾಯಿ ತೆರೆಯಲಿಲ್ಲ. ತಲೆ ಸುತ್ತಿ ಬಿದ್ದಿದ್ದ ಅತ್ತೆಗೆ ಮಾತು ಹೊರಡಲಿಲ್ಲ. ಕೊನೆಗೆ ಬಾಗಿಲಲ್ಲಿ ಹೋಗುತ್ತಿದ್ದ ಯಾರೋ ಮುದುಕನನ್ನು ಕೈಹಿಡಿದು ಒಳಗೆ ಎಳೆದುಕೊಂಡು ಬಂದು, ಗುರುತಿನ ಚೀಟಿ ಕೈಗಿಟ್ಟು, ಬಾಯ್ಕೆ, ಇದನ್ನು ಸ್ವಲ್ಪ ಓದಿ ಹೇಳಿ ಅಂದಳಂತೆ. ಬಾಯ್ಕೆ ಅಂದರೆ ಅಣ್ಣ. ಆ ಅಣ್ಣ ಓದಿದ, ನರ್ಸು ಬರೆದುಕೊಂಡಳು, ಅತ್ತೆ ಬದುಕಿದಳು.

ಬೆರ್ಮೆತ್‌ಗೆ ಈ ಒಂದು ಹಾಡಿನ ಮಟ್ಟಿಗೆ ಅಪ್ಪಣೆ ಕೊಡಬಹುದಿತ್ತು. ಹಿರಿಯರೇ ಒಪ್ಪಿದರೆ ತಪ್ಪಿಲ್ಲ. ಮೆಲಿಸ್ ಎರಡು ಸಲ ಕೇಳಿಯೂ ಇದ್ದ. ಶಾರಿಪಾ ಕೊಟ್ಟಿರಲಿಲ್ಲ. ಪದ್ಧತಿ ಪದ್ಧತಿಯೇ ಅಂದಿದ್ದಳು. ಅದು ಸುಳ್ಳು. ನಿಜ ಬೇರೆ ಇತ್ತು. ಆ ಹಾಡು ತನ್ನದೇ ಅಂತ ಅವಳು ನಂಬಿದ್ದಳು. ಮನೆಯೊಳಗೇ ಯಾರಾದರೂ ಆ ಹೆಸರು ಹಿಡಿದು ಹಾಡಿದರೆ ತನ್ನ ಮುಖ ಗುಟ್ಟು ಬಿಟ್ಟುಕೊಟ್ಟೀತು ಅಂತ ಹೆದರಿದ್ದಳು.

ಎಪ್ಪತ್ತೊಂದರ ಬೇಸಿಗೆಯ ಮಾತು. ಅವಳಿಗೆ ಹತ್ತೊಂಬತ್ತು. ರಾಜಧಾನಿಯ ಸಂಗೀತ ಶಾಲೆಯಿಂದ ತುರ್ದಾಕುನ್ ಅನ್ನುವ ಹುಡುಗ ಊರಿನ ಕ್ಲಬ್ಬಿಗೆ ಹಾಡು ಕಲಿಸಲು ಮೂರು ತಿಂಗಳ ಮಟ್ಟಿಗೆ ಬಂದಿದ್ದ. ಹುಡುಗಿಯರ ಮೇಳ ಕಟ್ಟಿದ. ಶಾರಿಪಾ ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದಳು. ಒಂದು ಸಂಜೆ ಅವನ ಅಕಾರ್ಡಿಯನ್ನಿನ ಹೆಗಲಪಟ್ಟಿ ಕಿತ್ತುಹೋಯಿತು. ಅವಳು ಮನೆಗೆ ಓಡಿ ಗೋಣಿ ಹೊಲಿಯುವ ಸೂಜಿ ತಂದು ಹೊಲಿದುಕೊಟ್ಟಳು. 'ನೀನಿಲ್ಲದಿದ್ದರೆ ಇದು ಮೂಗಿಯಾಗೇ ಉಳೀತಿತ್ತು' ಅಂದ. ಅಷ್ಟೇ ನಡೆದದ್ದು. ಬೇಸಿಗೆ ಮುಗಿಯಿತು, ಅವನು ಹೋದ. ಆ ಚಳಿಗಾಲಕ್ಕೆ ಮುಂಚೆಯೇ ಎಸೆನ್ ಅನ್ನುವವನ ಕಡೆಯವರು ಶಾರಿಪಾಳನ್ನು ದಾರಿಯಿಂದಲೇ ಎತ್ತಿಕೊಂಡು ಹೋಗಿ, ತಲೆಗೆ ಮದುವೆಯ ಗುರುತಿನ ಬಿಳಿಬಟ್ಟೆ ಕಟ್ಟಿ ಮನೆ ತುಂಬಿಸಿಕೊಂಡರು. ಅವರ ಮನೆ ಕಾಲುವೆಯ ಆಚೆ ದಡದಲ್ಲಿತ್ತು. ಮರುವರ್ಷ ರೇಡಿಯೋದಲ್ಲಿ ಅವನ ಹಾಡು ಬಂತು. ಅವಳು ಹಿಟ್ಟು ನಾದುತ್ತಿದ್ದಳು. ಕಾಲುವೆ ದಾಟಿ ಹೋದೆಯಲ್ಲೇ, ಶಾರಿಪಾ. ನೀವೇ ಹೇಳಿ, ಅವಳ ಜಾಗದಲ್ಲಿ ಯಾರಿದ್ದರೂ ಏನೆಂದುಕೊಳ್ಳುತ್ತಿದ್ದರು?

ಗಂಡ ಎಸೆನ್ ಕೆಟ್ಟವನಲ್ಲ. ಕುಡಿದದ್ದು ಕಡಿಮೆ, ಹೊಡೆದದ್ದಿಲ್ಲ. ಮೊದಮೊದಲು 'ಏ ಹುಡುಗಿ' ಅನ್ನುತ್ತಿದ್ದ, ಆಮೇಲೆ 'ಮೆಲಿಸ್‌ನ ತಾಯಿ', ಕಡೆಕಡೆಗೆ 'ಏನೇ ಮುದುಕಿ'. ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದು ಅವನ ಕಾಲದ ಗಂಡಸರಿಗೆ ನಾಚಿಕೆ. ಅತ್ತೆ ಮಾವ 'ಸೊಸೆ' ಅಂದರು, ಮೈದುನರು 'ಅತ್ತಿಗೆ' ಅಂದರು, ಆಮೇಲೆ ಹುಟ್ಟಿದವರೆಲ್ಲ 'ಅಪಾ' ಅಂದರು. ಅಮ್ಮನಿಗೂ ಅತ್ತೆಗೂ ಇಲ್ಲಿ ಅದೇ ಮಾತು. ಹೆಸರು ಹಿಡಿದು ಕರೆಯುವವರು ತವರಿನವರು ಮಾತ್ರ, ಅವರು ಒಬ್ಬೊಬ್ಬರಾಗಿ ಮಣ್ಣಾದರು. ಉಳಿದದ್ದು ರೇಡಿಯೋ. ಸಿಟ್ಟು ಬಂದಾಗ, ಸೊಂಟ ನೋಯುವಾಗ, ಬೀನ್ಸ್ ಕಾಳು ಹಸನು ಮಾಡುತ್ತ ಬೆರಳು ಮರಗಟ್ಟಿದಾಗ, ನನ್ನನ್ನು ಬೇಕು ಅಂದವನೊಬ್ಬ ಇದ್ದ, ಅದನ್ನು ಲೋಕಕ್ಕೆಲ್ಲ ಕೇಳುವ ಹಾಗೆ ಹಾಡಿದ ಅಂತ ಅಂದುಕೊಂಡರೆ ಅವಳಿಗೆ ಬೆನ್ನು ನೆಟ್ಟಗಾಗುತ್ತಿತ್ತು. ಪಾಪ, ಅದರಲ್ಲಿ ಯಾರಿಗೇನು ನಷ್ಟ?

ಅಂಥದ್ದರಲ್ಲಿ ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ, ಅತ್ತೆ ಸೊಸೆ ಇಬ್ಬರೂ ಅಂಗಳದಲ್ಲಿ ಬಟ್ಟೆ ಹಾಸಿ ಕಾಳು ಹಸನು ಮಾಡುತ್ತಿದ್ದಾಗ, ಕ್ಲಬ್ಬಿನ ಮೇಲ್ವಿಚಾರಕ ಸಾಗಿನ್ ಏದುಸಿರು ಬಿಡುತ್ತ ಬಂದ. ತುರ್ದಾಕುನ್‌ಗೆ ಎಪ್ಪತ್ತು ತುಂಬಿತಂತೆ. ಹಾಡು ಹುಟ್ಟಿದ ಕಣಿವೆಯಲ್ಲೇ ಸನ್ಮಾನ ಆಗಲಿ ಅಂತ ಅವರೇ ಕೇಳಿಕೊಂಡರಂತೆ. ಶನಿವಾರ ಬರುತ್ತಾರೆ. ಮಧ್ಯಾಹ್ನದ ಊಟ ಮೆಲಿಸ್ ಮನೆಯಲ್ಲಿ, ಊರಲ್ಲಿ ಅಷ್ಟು ದೊಡ್ಡ ಕೋಣೆ ಇರುವುದು ಇವರ ಮನೆಯಲ್ಲೇ ಅಲ್ಲವೇ. ಸಂಜೆ ಐದಕ್ಕೆ ಕ್ಲಬ್ಬಿನಲ್ಲಿ ಬೆರ್ಮೆತ್ ಹಾಡಬೇಕು. ಕೊನೆಯ ಮಾತು ಹೇಳುವಾಗ ಸಾಗಿನ್ ತಲೆ ಕೆರೆದುಕೊಂಡ.

'ಅಪಾ, ಹಾಡು ಕಟ್ಟಿದೋರ ಎದುರಿಗೇ "ಓ ಹುಡುಗೀ" ಅಂದ್ರೆ ಅವ್ರಿಗೆ ಹೇಗಾಗತ್ತೆ? ನೀವೇ ದೊಡ್ಡ ಮನಸ್ಸು ಮಾಡ್ಬೇಕು.'

ಬೆರ್ಮೆತ್ ತಲೆ ತಗ್ಗಿಸಿ ಕಾಳಿನಲ್ಲಿ ಕಲ್ಲು ಹುಡುಕಿದಳು. ಶಾರಿಪಾಳ ಎದೆ ಡವಡವ ಅನ್ನುತ್ತಿತ್ತು. ಈ ವಯಸ್ಸಿನಲ್ಲಿ ಇದೇನು ನಾಚಿಕೆಗೇಡು ಅಂತ ತನ್ನನ್ನೇ ಬೈದುಕೊಂಡಳು. ಆದರೂ ಮನಸ್ಸು ಕೇಳಲಿಲ್ಲ. ಅವನು ಬರುತ್ತಾನೆ. ಇದೇ ಮನೆಯಲ್ಲಿ ಕೂರುತ್ತಾನೆ. ತನ್ನನ್ನು ನೋಡುತ್ತಾನೆ. ಒಂದು ಮಾತೂ ಆಡಬೇಕಿಲ್ಲ, ಹೌದು, ಅದು ನೀನೇ ಅನ್ನುವ ಹಾಗೆ ಒಂದು ಸಲ ಕಣ್ಣೆತ್ತಿ ನೋಡಿದರೆ ಸಾಕು, ಉಳಿದ ದಿನಗಳನ್ನು ಹೂವೆತ್ತಿದ ಹಾಗೆ ಕಳೆಯುತ್ತೇನೆ ಅಂದುಕೊಂಡಳು.

'ಹಾಡ್ಲಿ ಬಿಡಪ್ಪ. ನಾನೇನು ಖಾನನ ಮಗಳಾ? ಹೆಸರು ಹೇಳಿದ್ರೆ ಸವೆದೇನು ಹೋಗಲ್ಲ' ಅಂದಳು.

ಶನಿವಾರ ಬಂತು. ಕುರಿ ಬಿತ್ತು, ಎಣ್ಣೆಯಲ್ಲಿ ಬೋರ್ಸೋಕ್ ಹಿಟ್ಟಿನುಂಡೆ ಉಬ್ಬಿತು, ಕೆಂಡ ಹಾಕಿದ ಚಹಾಪಾತ್ರೆ ಸಮೋವರ್ ಕುದಿಯಿತು. ಶಾರಿಪಾ ಪೆಟ್ಟಿಗೆಯಿಂದ ನೀಲಿ ರೇಷ್ಮೆಯ ತಲೆವಸ್ತ್ರ ತೆಗೆದು ಕಟ್ಟಿಕೊಂಡಳು, ಬಿಚ್ಚಿದಳು, ಮತ್ತೆ ಕಟ್ಟಿಕೊಂಡಳು. ಬೆರ್ಮೆತ್ ಅದನ್ನು ನೋಡಿ ನೋಡದ ಹಾಗಿದ್ದಳು. ತುರ್ದಾಕುನ್ ಕಾರಿನಿಂದ ಇಳಿದ. ದಪ್ಪಗಾಗಿದ್ದ, ಮಂಡಿ ನೋವು, ಹಲ್ಲು ಕಟ್ಟಿಸಿಕೊಂಡದ್ದು. ಆದರೆ ಅಕಾರ್ಡಿಯನ್ನಿನ ಮೇಲೆ ಓಡಾಡುತ್ತಿದ್ದ ಆ ಉದ್ದ ಬೆರಳುಗಳು ಹಾಗೇ ಇದ್ದವು. ಎಲ್ಲರ ಕೈ ಕುಲುಕುತ್ತ ಬಂದ, ಅವಳ ಕೈಯನ್ನೂ ಕುಲುಕಿದ, ಚೆನ್ನಾಗಿದ್ದೀರಾ ಅಂದ, ಮುಂದಿನವರ ಕಡೆ ಹೋದ. ನಲವತ್ತಾರು ವರ್ಷ ಆಯಿತಲ್ಲ, ತಲೆವಸ್ತ್ರ ಬೇರೆ ಕಟ್ಟಿದ್ದೇನೆ, ಹೇಗೆ ಗೊತ್ತಾಗಬೇಕು ಅಂತ ಶಾರಿಪಾ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಊಟವಾಯಿತು. ಕುರಿಯ ತಲೆ ಅತಿಥಿಯ ಮುಂದಿಟ್ಟರು, ಅವನು ಪದ್ಧತಿಯಂತೆ ಅದರ ಕಿವಿ ಕೊಯ್ದು ಮಕ್ಕಳಿಗೆ ಹಂಚಿದ. ಶಾರಿಪಾ ಬಾಗಿಲ ಬದಿಗೆ, ಸಮೋವರಿನ ಹತ್ತಿರ ಕೂತು ಬಟ್ಟಲಿಗೆ ಬಟ್ಟಲು ಚಹಾ ತುಂಬಿಸುತ್ತಿದ್ದಳು. ಸಾಗಿನ್‌ಗೆ ತಡೆಯಲಾಗಲಿಲ್ಲ. ಸಂಜೆಯ ಹಾಡನ್ನು ಈಗಲೇ ಒಂದು ನುಡಿ ಕೇಳಿಸಿಬಿಡೋಣ ಅಂದ. ಬೆರ್ಮೆತ್ ಎದ್ದು ನಿಂತಳು. ಹಾಡಿದಳು ನೋಡಿ, ಮಾತಾಡುತ್ತಿದ್ದವರೆಲ್ಲ ಬಾಯಿ ಮುಚ್ಚಿದರು. ತುರ್ದಾಕುನ್ ಕಣ್ಣು ಮುಚ್ಚಿಕೊಂಡ. ಶಾರಿಪಾ ಸಮೋವರಿನ ನಲ್ಲಿ ತಿರುಗಿಸಿ ನಿಲ್ಲಿಸಿ, ಕೈ ಮಡಿಲಲ್ಲಿಟ್ಟುಕೊಂಡಳು. ಕಾಲುವೆ ದಾಟಿ ಹೋದೆಯಲ್ಲೇ, ಅಂತ ಹಾಡಿ ಬೆರ್ಮೆತ್ ಆ ಹೆಸರಿನ ಹತ್ತಿರ ಬಂದಳು. ಅಪ್ಪಣೆ ಸಿಕ್ಕಿತ್ತು, ನಿಜ. 'ಓ ಹುಡುಗೀ' ಅನ್ನಬಾರದು ಅಂತಲೂ ಗಟ್ಟಿ ಮಾಡಿಕೊಂಡಿದ್ದಳು. ಆದರೆ ಹನ್ನೊಂದು ವರ್ಷ ಕಟ್ಟಿಹಾಕಿದ ನಾಲಿಗೆ ಮೂರು ದಿನದಲ್ಲಿ ಬಿಚ್ಚುತ್ತದೆಯೇ? ಎದುರಿಗೆ ಅತ್ತೆ ಬೇರೆ ಕೂತಿದ್ದಾಳೆ. ಬಾಯಿಗೆ ಬಂದದ್ದು ಬಂತು.

'ಕಾಲುವೆ ದಾಟಿ ಹೋದೆಯಲ್ಲೇ, ನಮ್ಮ ಅಪಾ...'

ನಗೆ ಎದ್ದಿತು ನೋಡಿ, ಗೋಡೆಗೆ ತೂಗುಹಾಕಿದ ಕಂಬಳಿ ಅಲುಗುವ ಹಾಗೆ. ಅತ್ತೆ ಕಾಲುವೆ ದಾಟಿ ಓಡಿಹೋದರೆ ಸೊಸೆ ಅಳುತ್ತಾಳೋ ಕುಣಿಯುತ್ತಾಳೋ ಅಂತ ಒಬ್ಬ ಕೇಳಿದ. ಸಾಗಿನ್ ಕಣ್ಣೀರು ಬರುವ ಹಾಗೆ ನಗುತ್ತ ಅತಿಥಿಗೆ ವಿಷಯ ಬಿಡಿಸಿ ಹೇಳಿದ. ಬೆರ್ಮೆತ್ ಮುಖ ಮುಚ್ಚಿಕೊಂಡು ಹೊರಗೆ ಓಡಿದಳು. ತುರ್ದಾಕುನ್ ಆಗ ಮೊದಲ ಸಲ ಸಮೋವರಿನ ಕಡೆ ಪೂರ್ತಿ ತಿರುಗಿದ.

'ಓಹೋ, ನೀವೂ ಶಾರಿಪಾನಾ ತಂಗಿ?'

ಆ 'ನೀವೂ' ಅನ್ನುವ ಮಾತು ಅವಳ ಎದೆಗೆ ಕಲ್ಲಿನ ಹಾಗೆ ಬಿತ್ತು. ಹೌದು ಅಂತ ತಲೆಯಾಡಿಸಿದಳು. ಅವನು ಬಟ್ಟಲು ಮುಂದೆ ಚಾಚಿದ, ಅವಳು ತುಂಬಿಸಿದಳು. ನಕ್ಕು ನಕ್ಕು ಹಗುರಾದ ಕೋಣೆಯಲ್ಲಿ ಅವನಿಗೂ ಮಾತಾಡುವ ಹುಮ್ಮಸ್ಸು ಬಂತು. ಇಷ್ಟು ವರ್ಷ ಎಲ್ಲರೂ ಕೇಳುತ್ತಿದ್ದರು, ಹೇಳಿರಲಿಲ್ಲ, ಈಗ ಎಪ್ಪತ್ತಾಯಿತು, ಹೇಳಿಬಿಡುತ್ತೇನೆ ಅಂದ. ಶಾರಿಪಾ ಅಂತ ಯಾರೂ ಇರಲಿಲ್ಲವಂತೆ. ಅವನು ಇಷ್ಟಪಟ್ಟ ಹುಡುಗಿ ಹೊಳೆಯ ಮೇಲ್ಗಡೆ ಊರಿನವಳು, ಕಾಲುವೆಯ ಆಚೆ ಇನ್ನೊಬ್ಬರ ಮನೆಗೆ ಆಗಲೇ ಸೇರಿದವಳು. ಅವಳ ಹೆಸರು ಹಾಡಿಗೆ ಹಾಕಿದ್ದರೆ ಅವಳ ಅತ್ತೆಮನೆಯವರು ಅವಳನ್ನು ಬಾಳಿಸುತ್ತಿರಲಿಲ್ಲ. ಇವತ್ತಿಗೂ ಆ ಹೆಸರು ಹೇಳುವುದಿಲ್ಲ, ಅವಳ ಗಂಡ ಇನ್ನೂ ಇದ್ದಾನೆ ಅಂದ.

'ಊರು ಬಿಡೋ ದಿನ ಮೇಳದ ಹಾಜರಿ ಪುಸ್ತಕ ವಾಪಸ್ ಕೊಡ್ತಿದ್ದೆ. ಬೆರಳಿಟ್ಟು ನೋಡ್ತಾ ಬಂದೆ, ಈ ಹೆಸರು ರಾಗಕ್ಕೆ ಸರಿಯಾಗಿ ಕೂತ್ಕೊಳ್ತು. ಯಾರೋ ಹಿಂದಿನ ಸಾಲಿನ ಹುಡುಗಿ ಇರ್ಬೇಕು. ಮುಖ ಕೂಡ ನೆನಪಿಲ್ಲ.'

ಎಲ್ಲರೂ ಅಯ್ಯೋ ಪಾಪ ಅಂದರು. ಪಾಪ ಅಂದದ್ದು ಅವನಿಗೆ, ಆ ಹೆಸರಿಲ್ಲದ ಹುಡುಗಿಗೆ. ಹೆಗಲಪಟ್ಟಿಯ ಮಾತು ಶಾರಿಪಾಳ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡಳು. ಹೇಳಿ ಏನಾಗಬೇಕು? ಆಹಾ, ಹೌದಾ ಅಂತ ಅವನು ಸೌಜನ್ಯಕ್ಕೆ ಅಂದಾನು, ಅದನ್ನು ಕೇಳುವುದು ಇನ್ನೂ ಕಷ್ಟ. ಅವಳು ಎಲ್ಲರ ಬಟ್ಟಲಿಗೂ ಚಹಾ ಹಾಕಿದಳು, ಒಂದು ಹನಿಯೂ ಚೆಲ್ಲಲಿಲ್ಲ. ಒಳಗೆ ಮಾತ್ರ ನಲವತ್ತೈದು ವರ್ಷ ಕಟ್ಟಿದ್ದ ಮನೆ ಕುಸಿದು ಕೂತಿತ್ತು. ದುಃಖಕ್ಕಿಂತ ನಾಚಿಕೆಯೇ ಹೆಚ್ಚು. ಹಿಟ್ಟು ನಾದುತ್ತ, ಹಸು ಕರೆಯುತ್ತ, ಗಂಡನ ಪಕ್ಕ ಮಲಗಿ ಕೂಡ ಇನ್ನೊಬ್ಬಳ ಹಾಡನ್ನು ತನ್ನದು ಅಂದುಕೊಂಡು ಬೆಚ್ಚಗಿದ್ದೆನಲ್ಲ ಅನ್ನಿಸಿತು. ಎಸೆನ್ ಎದುರಿಗಿದ್ದಿದ್ದರೆ ಅವನ ಮುಖ ನೋಡಲಾಗುತ್ತಿರಲಿಲ್ಲ.

ಮೂರು ಗಂಟೆಗೆ ಗಂಡಸರು ಎದ್ದರು. ಕೈಯೆತ್ತಿ ಅನ್ನದಾತರನ್ನು ಹರಸಿದರು. ಮೆಲಿಸ್ ಅವರನ್ನು ಕರೆದುಕೊಂಡು ಕ್ಲಬ್ಬಿನ ಕಡೆ ಹೋದ. ಮನೆಯಲ್ಲಿ ಉಳಿದದ್ದು ಎಂಜಲು ಬಟ್ಟಲು, ಅತ್ತೆ, ಸೊಸೆ. ಬೆರ್ಮೆತ್ ಅಡುಗೆಮನೆಯಲ್ಲಿ ಕಣ್ಣು ಊದಿಸಿಕೊಂಡು ಕೂತಿದ್ದಳು. ನಾನು ಹಾಡುವುದಿಲ್ಲ ಅಂದಳು. ಸಾಗಿನ್ ಬಾಯ್ಕೆ ಟೇಪು ಹಾಕಿಕೊಳ್ಳಲಿ, ನನ್ನಿಂದ ನಿಮಗೆ ಹತ್ತು ಜನರ ಮುಂದೆ ಅವಮಾನ ಆಯಿತು, ಆ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ, ಸಾಯುವವರೆಗೂ ಬರುವುದಿಲ್ಲ ಅಂದಳು.

ಶಾರಿಪಾ ಬಟ್ಟಲು ತೊಳೆಯಲು ಕೂತಳು. ಹಾಡದಿದ್ದರೂ ಒಳ್ಳೆಯದೇ ಅಂತ ಒಂದು ಮನಸ್ಸು ಹೇಳಿತು. ಇನ್ನು ಆ ಹಾಡು ಕೇಳಿದರೆ ಮೈ ಉರಿಯುತ್ತದೆ, ರೇಡಿಯೋ ಎತ್ತಿ ಅಟ್ಟಕ್ಕೆ ಹಾಕಿದರಾಯಿತು. ನಾಲ್ಕು ಬಟ್ಟಲು ತೊಳೆದಳು. ಐದನೆಯದನ್ನು ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತುಬಿಟ್ಟಳು.

'ನಾನು ಮುಂದಿನ ಸಾಲಲ್ಲಿ ನಿಲ್ತಿದ್ದೆ ಕಣೇ' ಅಂದಳು.

ಬೆರ್ಮೆತ್ ತಲೆಯೆತ್ತಿದಳು. ಮೊದಲು ತಿಳಿಯಲಿಲ್ಲ. ಆಮೇಲೆ, ಅತಿಥಿ ಹೇಳಿದ ಹಿಂದಿನ ಸಾಲಿನ ಮಾತು ಅಡುಗೆಮನೆಗೂ ಕೇಳಿಸಿದ್ದು ನೆನಪಾಯಿತು, ನೀಲಿ ತಲೆವಸ್ತ್ರ ನೋಡಿದಳು, ಅತ್ತೆಯ ಮುಖ ನೋಡಿದಳು, ಎಲ್ಲವೂ ತಿಳಿಯಿತು. ಜಾಣೆ, ಹತ್ತಿರ ಬಂದು ಒರೆಸುವ ಬಟ್ಟೆ ತೆಗೆದುಕೊಂಡು ಪಕ್ಕದಲ್ಲಿ ಕೂತಳು. ಶಾರಿಪಾ ಸ್ವಲ್ಪ ಹೊತ್ತು ಅತ್ತಳು. ಹೆಚ್ಚು ಹೊತ್ತಲ್ಲ, ಮೂಗೊರೆಸಿಕೊಂಡಳು, ಅಷ್ಟರಲ್ಲಿ ಅವಳ ಹಳೆಯ ಸಿಟ್ಟು ಎಲ್ಲಿಂದಲೋ ವಾಪಸ್ ಬಂತು.

'ಹುಡುಗಿ ಯಾರಾದ್ರೂ ಆಗ್ಲಿ. ಹೆಸರು ನಂದೇ ತಾನೇ? ನಮ್ಮಮ್ಮ ಇಟ್ಟಿದ್ದು. ಅವಳು ಹೋದ್ಮೇಲೆ ಒಂದು ನರಪಿಳ್ಳೆನೂ ನನ್ನ ಆ ಹೆಸರಿಂದ ಕೂಗಿಲ್ಲ. ನಿಮ್ಮಾವ ಕೂಗ್ಲಿಲ್ಲ. ಈ ಮಹಾರಾಯ ಕೂಗಿದ್ದು ನನ್ನನ್ನಲ್ವಂತೆ. ನೀನಾದ್ರೂ ಕೂಗು.'

ಬೆರ್ಮೆತ್ ಬಾಯಿ ತೆರೆದಳು, ಮುಚ್ಚಿದಳು. ಇನ್ನೊಂದು ಸಲ ತೆರೆದು, ಉಸಿರಿನಲ್ಲಿ ಏನೋ ಅಂದಳು. ಅದು ಸಮೋವರಿನ ಬೂದಿಗೂ ಕೇಳಿಸಲಿಲ್ಲ ಅಂದಳು ಶಾರಿಪಾ. ಮುಖ ನೋಡಿಕೊಂಡು ಆಗುವುದಿಲ್ಲ ಅಪಾ ಅಂತ ಸೊಸೆ ಕೈಮುಗಿದಳು. ಮುಖ ನೋಡಬೇಡ, ಹಾಗಿದ್ದರೆ ಹೊಲದ ತುದಿಗೆ ಹೋಗಿ ಅಲ್ಲಿಂದ ಕೂಗು ಅಂತ ಶಾರಿಪಾ ಅವಳ ರಟ್ಟೆ ಹಿಡಿದು ಎಬ್ಬಿಸಿ ಹಿತ್ತಲ ಬಾಗಿಲಿನಿಂದ ಹೊರಗೆ ದಬ್ಬಿದಳು.

ಬೀನ್ಸ್ ಕಿತ್ತು ಮುಗಿದಿದ್ದ ಹೊಲ ಬೋಳಾಗಿತ್ತು. ಬೆರ್ಮೆತ್ ಕೂಳೆ ತುಳಿಯುತ್ತ, ಹಿಂದೆ ಹಿಂದೆ ತಿರುಗಿ ನೋಡುತ್ತ ನಡೆದಳು. ಇನ್ನೂ ಹೋಗು ಅಂತ ಶಾರಿಪಾ ಕೈಬೀಸಿದಳು. ಪಕ್ಕದ ಹೊಲದ ಹೆಂಗಸರು ಮೂಟೆ ಕಟ್ಟುವುದನ್ನು ನಿಲ್ಲಿಸಿ, ಇದೇನಪ್ಪ ಅತ್ತೆ ಸೊಸೆ ಜಗಳವೋ ಏನೋ ಅಂತ ಸೊಂಟದ ಮೇಲೆ ಕೈಯಿಟ್ಟು ನೋಡತೊಡಗಿದರು. ಹೊಲದ ತುದಿಯಲ್ಲಿ ಬೆರ್ಮೆತ್ ನಿಂತಳು. ಇಲ್ಲಿಂದ ಅವಳು ಒಂದು ಗೇಣಿನಷ್ಟು ಕಾಣುತ್ತಿದ್ದಳು. ತಲೆವಸ್ತ್ರ ಸರಿಮಾಡಿಕೊಂಡಳು. ಎದೆತುಂಬ ಉಸಿರೆಳೆದುಕೊಂಡಳು. ಆಮೇಲೆ ಆ ಕಣಿವೆಯ ಅಷ್ಟು ಒಳ್ಳೆಯ ಗಂಟಲಿನಿಂದ, ರಾಗವಿಲ್ಲದೆ, ಹೊತ್ತಾಯಿತು ಬಾ ಅಂತ ಮನೆಯ ಮಗಳನ್ನು ಕರೆಯುವ ಹಾಗೆ ಕೂಗಿದಳು.

'ಶಾರಿಪಾ...!'

ಪಕ್ಕದ ಹೊಲದವರು ದಂಗಾಗಿ ಹೋದರು. ಒಬ್ಬಳ ಕೈಯಿಂದ ಮೂಟೆಯ ಹಗ್ಗ ಜಾರಿತು. ಸೊಸೆಯಾದವಳು, ಹಾಡುಹಗಲು, ಊರಿಗೆಲ್ಲ ಕೇಳುವ ಹಾಗೆ! ಶಾರಿಪಾ ಅವರ ಕಡೆ ತಿರುಗಿಯೂ ನೋಡಲಿಲ್ಲ. ಹಿತ್ತಲ ಮೆಟ್ಟಿಲು ಇಳಿದಳು, ಎರಡು ಕೈಯನ್ನೂ ಬಾಯಿಯ ಬಳಿ ಇಟ್ಟುಕೊಂಡಳು.

'ಓ...! ಬಂದೆ!' ಅಂದಳು.